ತೋಟ ಇದೆ, ಒತ್ತೆ ಇಡಲು ಸೈಟಿಲ್ಲ

‘ಸೈಟ್ ಏನಾದ್ರೂ ಐತಾ ಯಜಮಾನ್ರೇ? ಇಲ್ಲಾ ದಾವಣಗೆರೆನಾಗೆ ಮನೆ?’

ಬ್ಯಾಂಕಿನ ಮ್ಯಾನೇಜರ್ ಕೇಳಿದ್ದು ಇಷ್ಟೇ. ನಮ್ಮ ಚಿಕ್ಕಪ್ಪ ಚನ್ನಗಿರಿ ತಾಲ್ಲೂಕಿನ ಎರಡೂವರೆ ಎಕರೆ ಅಡಿಕೆ ತೋಟದ ಪಹಣಿ ಹಿಡಿದು ಕುಳಿತಿದ್ದರು. ಪಕ್ಕದಲ್ಲಿ ಅವರ ಮಗಳು, ನನ್ನ ತಂಗಿ. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಕೃಷಿ ಓದಿ, ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷದ ಎಂ.ಎಸ್ಸಿ.ಗೆ ಪ್ರವೇಶ ಪತ್ರ ಪಡೆದವಳು. ಅವಳು ಐಇಎಲ್‌ಟಿಎಸ್ ಪರೀಕ್ಷೆಗೆ ಕಟ್ಟಿದ ಹದಿನೇಳು ಸಾವಿರದಷ್ಟು ಹಣ ಬಂದದ್ದೂ ಅದೇ ತೋಟದಿಂದ.

‘ಬೆಳೆ ಸಾಲ ಬೇಕಂದ್ರೆ ಇವತ್ತೇ ಅರ್ಜಿ ಕೊಡ್ರಿ, ಮಾಡಿಸಿಕೊಡ್ತೀನಿ. ಓದೋಕೆ ಅಂದ್ರೆ ಜಮೀನು ನಡೆಯಲ್ಲ’ ಎಂದರು ಮ್ಯಾನೇಜರ್. ಅವರು ಒರಟಾಗಿಯೇನೂ ಮಾತನಾಡಲಿಲ್ಲ. ಚಹಾ ಕೂಡ ತರಿಸಿದರು. ಆದರೆ ಊರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಚಿಕ್ಕಪ್ಪ ಒಂದೇ ಮಾತನ್ನು ಮೂರು ಸಲ ಹೇಳಿದರು: ‘ಅಡಿಕೆ ತೋಟಕ್ಕೆ ಬೆಲೆ ಇಲ್ಲ ಅಂದ್ರೆ ಏನರ್ಥ?’

ಅರ್ಥ ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಉತ್ತರ ಕಾನೂನಿನಲ್ಲಿತ್ತು. ಸಾಲ ಮರುಪಾವತಿಯಾಗದಿದ್ದರೆ ಒತ್ತೆ ಇಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ವಶಕ್ಕೆ ಪಡೆಯಲು ಬ್ಯಾಂಕುಗಳಿಗೆ ಅಧಿಕಾರ ಕೊಡುವುದು 2002ರ ಸರ್ಫೇಸಿ ಕಾಯ್ದೆ. ಅದರ 31ನೇ ಸೆಕ್ಷನ್ ಕೃಷಿ ಭೂಮಿಯನ್ನು ಈ ಅಧಿಕಾರದಿಂದ ಹೊರಗಿಟ್ಟಿದೆ. ರೈತನ ಹೊಲವನ್ನು ಸುಲಭವಾಗಿ ಹರಾಜು ಹಾಕಬಾರದು ಎಂಬ ಕಾಳಜಿ ಅಲ್ಲಿದೆ, ಅದು ಇರಲೇಬೇಕು. ಆದರೆ ಅದರ ಇನ್ನೊಂದು ಮುಖ ಹೀಗಿದೆ: ಬೇಕಾದಾಗ ವಶಪಡಿಸಿಕೊಳ್ಳಲಾಗದ ಆಸ್ತಿಯ ಮೇಲೆ ದೊಡ್ಡ ಶಿಕ್ಷಣ ಸಾಲ ಕೊಡಲು ಬ್ಯಾಂಕುಗಳು ಮುಂದೆ ಬರುವುದಿಲ್ಲ. ಸಾಮಾನ್ಯ ಶಿಕ್ಷಣ ಸಾಲ ಯೋಜನೆಯಲ್ಲಿ ₹4 ಲಕ್ಷದವರೆಗೆ ಒತ್ತೆ ಬೇಡ, ₹7.5 ಲಕ್ಷದವರೆಗೆ ಇನ್ನೊಬ್ಬರ ಜಾಮೀನು ಸಾಕು. ಅದರಾಚೆಗೆ ಆಸ್ತಿ ಬೇಕು. ಇಂಗ್ಲೆಂಡಿನಲ್ಲಿ ಒಂದು ವರ್ಷದ ಓದಿಗೆ, ಊಟ ವಸತಿ ಸೇರಿ, ಇಪ್ಪತ್ತು ಲಕ್ಷಕ್ಕೆ ಕಡಿಮೆ ಆಗುವುದಿಲ್ಲ. ಜಗತ್ತಿನ ಅತಿ ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಪಟ್ಟಿಯನ್ನೇ ಇಟ್ಟುಕೊಂಡು ಒತ್ತೆಯಿಲ್ಲದೆ ಹೆಚ್ಚು ಸಾಲ ಕೊಡುವ ಬ್ಯಾಂಕುಗಳಿವೆ. ತಂಗಿಗೆ ಸೀಟು ಸಿಕ್ಕ ವಿಶ್ವವಿದ್ಯಾಲಯ ಆ ಪಟ್ಟಿಯಲ್ಲಿ ಇರಲಿಲ್ಲ.

ಹಾಗಾದರೆ ಊರಿನ ಮನೆ? ಅದಕ್ಕೆ ಇ-ಸ್ವತ್ತು ಬೇಕು, ಫಾರಂ 9 ಮತ್ತು 11 ಬೇಕು. ತಾತನ ಕಾಲದಲ್ಲಿ ಕಟ್ಟಿದ, ಮೂವರು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡ ನಮ್ಮ ಮನೆಗೆ ಇರುವುದು ಕಂದಾಯ ಕಟ್ಟಿದ ರಸೀದಿ ಮಾತ್ರ. ಖಾಸಗಿ ಹಣಕಾಸು ಸಂಸ್ಥೆಗಳು ಒತ್ತೆಯಿಲ್ಲದೆ ಸಾಲ ಕೊಡುತ್ತವೆ. ಬಡ್ಡಿ ಹೆಚ್ಚು ಎಂಬುದು ಒಂದು ತೊಡಕು. ಅದಕ್ಕಿಂತ ದೊಡ್ಡ ತೊಡಕು, ಜತೆಗೆ ಸಹಿ ಹಾಕುವವರ ಸಂಬಳದ ಚೀಟಿ ಅಥವಾ ಆದಾಯ ತೆರಿಗೆ ರಿಟರ್ನ್ ಕೇಳುತ್ತಾರೆ. ರೈತನ ಬಳಿ ಅವೆರಡೂ ಇರುವುದಿಲ್ಲ.

ನಮ್ಮ ಕಡೆ ಈಗ ವಿದೇಶದ ಮಾತು ಬಹಳ. ದಾವಣಗೆರೆಯಲ್ಲಿ ಕನ್ಸಲ್ಟೆನ್ಸಿಗಳ ಬೋರ್ಡು ಕಣ್ಣಿಗೆ ಬೀಳುತ್ತವೆ. ‘ಸ್ಕಾಲರ್‌ಶಿಪ್ ಬೇಕಾದಷ್ಟಿವೆ, ನಮ್ಮ ಹುಡುಗರಿಗೆ ಮಾಹಿತಿ ಇಲ್ಲ’ ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಈ ಮಾತು ಅರ್ಧ ಮಾತ್ರ ನಿಜ. ಮೊಬೈಲ್ ಇರುವ ಯಾರಿಗೂ ಇಂದು ಮಾಹಿತಿ ದುರ್ಲಭವಲ್ಲ. ಎಷ್ಟು ಸೀಟು, ಹಣ ಯಾವಾಗ ಕೈಗೆ ಬರುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಎಷ್ಟು ಎಂಬುದನ್ನೇ ನೋಡಿ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಇಡೀ ದೇಶಕ್ಕೆ 125 ಸೀಟು. ಅದರಲ್ಲಿ 115 ಪರಿಶಿಷ್ಟ ಜಾತಿಗೆ, 6 ಅಲೆಮಾರಿ ಸಮುದಾಯಗಳಿಗೆ, 4 ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ. ಪರಿಶಿಷ್ಟ ಪಂಗಡದವರಿಗೆ ಬೇರೆ ಸಚಿವಾಲಯದ ಬೇರೆ ಯೋಜನೆ. ಅಲ್ಲಿ ದೇಶಕ್ಕೆಲ್ಲ 20. ಜಗಳೂರು ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರ. ಆ ತಾಲ್ಲೂಕಿನ ನನ್ನ ಹಾಸ್ಟೆಲ್ ರೂಂಮೇಟ್ ಈ ಇಪ್ಪತ್ತರ ಲೆಕ್ಕ ಕೇಳಿ ನಕ್ಕುಬಿಟ್ಟ. ‘ನಮ್ಮ ತಾಲ್ಲೂಕಿಗೇ ಸಾಲಲ್ಲ ಮಾರಾಯ’ ಎಂದ.

ಸೀಟು ಸಿಕ್ಕರೂ ಕಥೆ ಮುಗಿಯುವುದಿಲ್ಲ. 2025ರ ಜುಲೈನಲ್ಲಿ ಬಂದ ಸುದ್ದಿ ಹಲವರಿಗೆ ನೆನಪಿರಬಹುದು. ಸಾಮಾಜಿಕ ನ್ಯಾಯ ಸಚಿವಾಲಯ 106 ಮಂದಿಯನ್ನು ಆಯ್ಕೆ ಮಾಡಿ, ಮೊದಲಿಗೆ 40 ಮಂದಿಗೆ ಮಾತ್ರ ತಾತ್ಕಾಲಿಕ ಮಂಜೂರಾತಿ ಪತ್ರ ಕೊಟ್ಟಿತು. ಉಳಿದ 66 ಮಂದಿಗೆ ಹಣ ಲಭ್ಯವಾದರೆ ಪತ್ರ ಎಂದು ತಿಳಿಸಿತು. ಜುಲೈ ಎಂದರೆ ವೀಸಾ ಕೈಯಲ್ಲಿರಬೇಕಾದ ತಿಂಗಳು. ಸೆಪ್ಟೆಂಬರಿನಲ್ಲಿ ತರಗತಿ ಶುರುವಾಗುವ ಹುಡುಗಿ ಜುಲೈನಲ್ಲಿ ‘ಹಣ ಬಂದರೆ ನೋಡೋಣ’ ಎಂಬ ಉತ್ತರ ಹಿಡಿದುಕೊಂಡು ಏನು ಮಾಡಬೇಕು?

ಇಲ್ಲೇ ನಿಜವಾದ ಗಂಟು ಇರುವುದು. ವಿದೇಶದ ಓದಿನಲ್ಲಿ ದುಡ್ಡು ಮೊದಲು, ಪ್ರಯಾಣ ಆಮೇಲೆ. ಹಲವು ವಿಶ್ವವಿದ್ಯಾಲಯಗಳು ವೀಸಾಕ್ಕೆ ಬೇಕಾದ ಪತ್ರ ಕೊಡುವ ಮುನ್ನವೇ ಠೇವಣಿ ಕಟ್ಟಿಸಿಕೊಳ್ಳುತ್ತವೆ. ಬ್ರಿಟನ್ ವೀಸಾಕ್ಕೆ ಸ್ವಂತ ಹಣ ತೋರಿಸುವವರ ಖಾತೆಯಲ್ಲಿ ಅದು ಸತತ 28 ದಿನ ಇರಬೇಕು. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂದು ನಮ್ಮ ಹುಡುಗರು ಖುಷಿಪಡುತ್ತಾರೆ. ಅದು ಸರಿಯೇ. ಆದರೆ ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚವೆಂದು 11,904 ಯೂರೋವನ್ನು ಮುಂಚೆಯೇ ಬ್ಲಾಕ್ಡ್ ಖಾತೆಯಲ್ಲಿ ಇಡಬೇಕು. ಯೂರೋಗೆ ನೂರು ರೂಪಾಯಿ ಎಂದು ಹಿಡಿದರೂ ಹನ್ನೆರಡು ಲಕ್ಷದ ಹತ್ತಿರ. ಕೆನಡಾ 2024ರಲ್ಲಿ ಇಂಥದೇ ಮೊತ್ತವನ್ನು 10 ಸಾವಿರ ಡಾಲರ್‌ನಿಂದ 20,635ಕ್ಕೆ ಏರಿಸಿತು.

ನಮ್ಮ ಸರ್ಕಾರಿ ನೆರವಿನ ಗಡಿಯಾರ ಇದಕ್ಕೆ ತಿರುಗುಮುರುಗು ಓಡುತ್ತದೆ. ಕರ್ನಾಟಕದಲ್ಲಿ ಪರಿಶಿಷ್ಟರಿಗೆ ಪ್ರಬುದ್ಧ ಯೋಜನೆ ಇದೆ, ಕುಟುಂಬದ ಆದಾಯ ನೋಡಿ ನೆರವಿನ ಪಾಲು ನಿಗದಿಯಾಗುತ್ತದೆ. ಹಿಂದುಳಿದವರಿಗೆ, ಅಲ್ಪಸಂಖ್ಯಾತರಿಗೆ ಅಭಿವೃದ್ಧಿ ನಿಗಮಗಳ ಸಾಲಗಳಿವೆ. ಅರ್ಜಿ ಕರೆಯುವುದು, ಪರಿಶೀಲಿಸುವುದು, ಆಯ್ಕೆ ಮಾಡುವುದು, ಬಿಡುಗಡೆ ಮಾಡುವುದು ಎಲ್ಲ ಬಜೆಟ್ ವರ್ಷದ ಲಯದಲ್ಲಿ ನಡೆಯುತ್ತವೆ, ವಿಶ್ವವಿದ್ಯಾಲಯಗಳ ಲಯದಲ್ಲಲ್ಲ. ತೆಲಂಗಾಣದ ಅಂಬೇಡ್ಕರ್ ವಿದ್ಯಾನಿಧಿ ₹20 ಲಕ್ಷ ಕೊಡುವ ಉದಾರ ಯೋಜನೆ. ಅಲ್ಲಿಯೂ ಮೊದಲ ಕಂತು ಬರುವುದು ವಿದ್ಯಾರ್ಥಿ ಆ ದೇಶ ತಲುಪಿದ್ದಕ್ಕೆ ದಾಖಲೆ ಕೊಟ್ಟ ಮೇಲೆ. ಅಂದರೆ ಅಲ್ಲಿಯವರೆಗೆ ಹಣ ಹೊಂದಿಸಬಲ್ಲವರಿಗೇ ನೆರವು. ಸೈಟ್ ಇದ್ದವರು ಸಾಲ ತೆಗೆದು ಹೋಗಿ, ನೆರವು ಬಂದಾಗ ತೀರಿಸಿಕೊಳ್ಳುತ್ತಾರೆ. ನ್ಯಾಮತಿಯ ಕೂಲಿಕಾರರ ಮಗ ಆಯ್ಕೆ ಪಟ್ಟಿಯಲ್ಲಿ ಹೆಸರಿದ್ದರೂ ಊರಲ್ಲೇ ಉಳಿಯುತ್ತಾನೆ.

ಹಿಂದೆ ಹೀಗಿರಲಿಲ್ಲ ಎಂಬುದಕ್ಕೆ ದೂರ ಹೋಗಬೇಕಿಲ್ಲ. 1913ರಲ್ಲಿ ಅಂಬೇಡ್ಕರ್ ಕೊಲಂಬಿಯಾಕ್ಕೆ ಹೊರಟಾಗ ಬರೋಡ ಸಂಸ್ಥಾನ ಮೂರು ವರ್ಷಕ್ಕೆ ತಿಂಗಳಿಗೆ ಹನ್ನೊಂದೂವರೆ ಪೌಂಡ್ ಎಂದು ಹಡಗು ಹತ್ತುವ ಮುನ್ನವೇ ಗೊತ್ತು ಮಾಡಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯ ಯು.ಆರ್. ಅನಂತಮೂರ್ತಿ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಹೋದಾಗ ಚನ್ನಗಿರಿ, ಹೊನ್ನಾಳಿ ಕೂಡ ಅದೇ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ‘ಸಂಸ್ಕಾರ’ ಕಾದಂಬರಿ ಬರೆದದ್ದು ಅಲ್ಲಿದ್ದಾಗಲೇ. ಅದೃಷ್ಟವಂತರು ಆಗಲೂ ಬೆರಳೆಣಿಕೆಯಷ್ಟೇ. ಆದರೆ ಆಯ್ಕೆಯಾದವರು ಆಸ್ತಿಪತ್ರ ಹಿಡಿದು ಅಲೆಯಬೇಕಿರಲಿಲ್ಲ.

ವೈದ್ಯಕೀಯ ಓದಲು ಹೋಗುವವರ ಸ್ಥಿತಿ ಇನ್ನೂ ಕಷ್ಟ. ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಸ್ನಾತಕೋತ್ತರ ಮತ್ತು ಪಿಎಚ್.ಡಿ.ಗೆ ಮಾತ್ರ, ಪದವಿಗೆ ಇಲ್ಲ. ಇಲ್ಲಿ ಸೀಟು ಸಿಗದೆ, ಸಿಕ್ಕರೂ ಖಾಸಗಿ ಶುಲ್ಕ ಕಟ್ಟಲಾಗದೆ ಹೊರಡುವವರು ಕೈಸಾಲದ ಮೇಲೆ ಹೊರಡುತ್ತಾರೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ದಾಳಿಗೆ ಬಲಿಯಾದ ವಿದ್ಯಾರ್ಥಿ ಹೊನ್ನಾಳಿಗೆ ನೆರೆಯ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯವರು. ಮನೆಯವರು ಆ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಆ ವಾರವೆಲ್ಲ ನೀಟ್ ಬಗ್ಗೆ, ಶುಲ್ಕದ ಬಗ್ಗೆ ಟಿ.ವಿ.ಯಲ್ಲಿ ಚರ್ಚೆ ನಡೆಯಿತು. ವಿದೇಶದಲ್ಲಿ ಓದುವ ಹಳ್ಳಿ ಮಕ್ಕಳಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿದವರು ಕಡಿಮೆ.

ಏನೂ ದಾರಿಯೇ ಇಲ್ಲವೇ? ಇದೆ. ಅಮೆರಿಕದ ಪಿಎಚ್.ಡಿ.ಗಳಲ್ಲಿ ಬಹಳಷ್ಟಕ್ಕೆ ಶುಲ್ಕ ಮನ್ನಾ ಆಗಿ ಸ್ಟೈಪೆಂಡ್ ಸಿಗುತ್ತದೆ. ವೀಸಾ ಬಗ್ಗೆ ಅಲ್ಲಿನ ಈಗಿನ ಗೊಂದಲ ಬೇರೆ ಮಾತು. ಯುರೋಪಿನ ಎರಾಸ್ಮಸ್ ಮುಂಡಸ್ ಸ್ನಾತಕೋತ್ತರ ವಿದ್ಯಾರ್ಥಿವೇತನ ಪಡೆದವರಿಗೆ ಶುಲ್ಕವಿಲ್ಲ, ತಿಂಗಳಿಗೆ 1,400 ಯೂರೋ ಬರುತ್ತದೆ. ಜಾತಿ, ಆದಾಯ, ಸೈಟು ಯಾವುದನ್ನೂ ಕೇಳುವುದಿಲ್ಲ. ಹೆಚ್ಚಿನ ಕೋರ್ಸುಗಳಿಗೆ ಅರ್ಜಿ ಹಾಕುವುದು ಅಕ್ಟೋಬರಿನಿಂದ ಜನವರಿವರೆಗೆ, ಅಂದರೆ ಸೇರುವುದಕ್ಕೆ ವರ್ಷದಷ್ಟು ಮುಂಚೆ. ನಮ್ಮಲ್ಲಿ ಕೊನೆಯ ಸೆಮಿಸ್ಟರ್ ಮುಗಿದು ಅಂಕಪಟ್ಟಿ ಬಂದ ಮೇಲೆ ಯೋಚನೆ ಶುರುವಾಗುತ್ತದೆ. ತಂಗಿಯೂ ಹಾಗೇ ಮಾಡಿದ್ದಳು. ನಾನಾದರೂ ಹೇಳಬಹುದಿತ್ತು, ನನಗೂ ಆಗ ಗೊತ್ತಿರಲಿಲ್ಲ.

ಅಂದಹಾಗೆ, ಪ್ರಧಾನ ಮಂತ್ರಿ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಒತ್ತೆಯಿಲ್ಲದೆ ಸಾಲ ಸಿಗುತ್ತದೆಂದು ಹಲವರು ನಂಬಿದ್ದಾರೆ. ಸಿಗುತ್ತದೆ, ಆದರೆ ಭಾರತದ ಆಯ್ದ ಸಂಸ್ಥೆಗಳಲ್ಲಿ ಓದುವವರಿಗೆ ಮಾತ್ರ.

ಸರ್ಕಾರ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಪಶ್ಚಿಮ ಬಂಗಾಳ 2021ರಲ್ಲಿ ತಂದ ವಿದ್ಯಾರ್ಥಿ ಕ್ರೆಡಿಟ್ ಕಾರ್ಡ್ ಯೋಜನೆಯಲ್ಲಿ ₹10 ಲಕ್ಷದವರೆಗಿನ ಸಾಲಕ್ಕೆ ರಾಜ್ಯವೇ ಜಾಮೀನು ನಿಲ್ಲುತ್ತದೆ, ವಿದೇಶದ ಓದಿಗೂ ಅದು ಸಲ್ಲುತ್ತದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಹಿಂದುಳಿದವೆಂದು ಗುರುತಿಸಿದ 114 ತಾಲ್ಲೂಕುಗಳಲ್ಲಿ ಚನ್ನಗಿರಿ, ಹೊನ್ನಾಳಿ, ಜಗಳೂರು ಸೇರಿದ್ದವು. ನ್ಯಾಮತಿ ಆಗ ಹೊನ್ನಾಳಿಯೊಳಗೇ ಇತ್ತು. ಈ ತಾಲ್ಲೂಕುಗಳ ಮಕ್ಕಳಿಗಾದರೂ ಕರ್ನಾಟಕ ಅಂಥ ಜಾಮೀನು ಕೊಡಬಹುದು. ಪ್ರಬುದ್ಧದಂಥ ಯೋಜನೆಗಳ ಆಯ್ಕೆಯನ್ನು ಏಪ್ರಿಲ್ ಒಳಗೆ ಮುಗಿಸಿ, ವೀಸಾ ಕಚೇರಿ ಒಪ್ಪುವಂಥ ಪ್ರಾಯೋಜಕತ್ವ ಪತ್ರವನ್ನು ಕೈಗೆ ಕೊಡಬಹುದು. ಸರ್ಕಾರದ ಅಧಿಕೃತ ಪತ್ರವಿದ್ದರೆ ಬ್ರಿಟನ್ನಿನ 28 ದಿನಗಳ ನಿಯಮವೂ ಅಡ್ಡ ಬರುವುದಿಲ್ಲ.

ತಂಗಿ ಪ್ರವೇಶವನ್ನು ಒಂದು ವರ್ಷ ಮುಂದೂಡಿ ಎಂದು ವಿಶ್ವವಿದ್ಯಾಲಯಕ್ಕೆ ಬರೆದಳು. ಒಪ್ಪಿದರು. ಚಿಕ್ಕಪ್ಪ ಈಗ ವಾರಕ್ಕೊಮ್ಮೆ ಗ್ರಾಮ ಪಂಚಾಯಿತಿಗೆ ಹೋಗುತ್ತಾರೆ, ಫಾರಂ 11ಕ್ಕಾಗಿ. ಮನೆ ಮೂವರು ಅಣ್ಣತಮ್ಮಂದಿರ ಹೆಸರಿನಲ್ಲಿ ಇರುವುದರಿಂದ ಮೊದಲು ವಿಭಾಗ ಪತ್ರ ಆಗಬೇಕಂತೆ. ಅದಕ್ಕೆ ನಮ್ಮಪ್ಪಾಜಿಯ ಸಹಿ ಬೇಕು. ಮೊನ್ನೆ ಅವರು ಹಾಕಿಕೊಟ್ಟರು. ಇನ್ನು ಬೆಂಗಳೂರಿನಲ್ಲಿರುವ ದೊಡ್ಡಪ್ಪ ಬರಬೇಕು.