ನೆಂಟರು ತುಂಬಿದ ಮನೆ

ಮದುವೆಯ ಮನೆಯಲ್ಲಿ ನೆಂಟರು ನೆರೆದಾಗ ಮನೆಯ ಯಜಮಾನನಿಗೇ ಮಲಗಲು ಮೂಲೆ ದೊರೆಯದೆ ಹೋಗುವುದುಂಟು. ನಾಲ್ಕು ದಿನದ ಸಂಭ್ರಮವಾದುದರಿಂದ ಅದನ್ನು ಯಾರೂ ಕಷ್ಟವೆಂದೆಣಿಸುವುದಿಲ್ಲ. ಆದರೆ ವರುಷವಿಡೀ ನೆಂಟರೇ ತುಂಬಿದ್ದರೆ ಆ ಮನೆಯವರ ಪಾಡೇನು? ಇಟಲಿ ದೇಶದ ಪುರಾತನ ಪಟ್ಟಣವಾದ ವೆನಿಸಿಗೆ ಒದಗಿರುವ ಸ್ಥಿತಿ ಇದೇ. ಆ ಊರನ್ನು ನೋಡಲು ಹೊರಡುವ ವಾಚಕರು ಮೊದಲು ಈ ಸಂಗತಿಯನ್ನು ತಿಳಿದಿರುವುದು ಯುಕ್ತವಾಗಿದೆ.

ವೆನಿಸ್ ಸಮುದ್ರದ ಹಿನ್ನೀರಿನಲ್ಲಿ ನೂರಕ್ಕೂ ಮಿಕ್ಕ ಸಣ್ಣ ದ್ವೀಪಗಳ ಮೇಲೆ ನೆಲೆಸಿರುವ ಊರು. ಕೆಸರುನೆಲದಲ್ಲಿ ಮರದ ಗೂಟಗಳನ್ನು ಒತ್ತೊತ್ತಾಗಿ ಹೊಡೆದು, ಅವುಗಳ ಮೇಲೆ ಕಲ್ಲು ಹಾಸಿ, ಪೂರ್ವಿಕರು ಅಲ್ಲಿ ಅರಮನೆಗಳನ್ನೂ ಪ್ರಾರ್ಥನಾಮಂದಿರಗಳನ್ನೂ ಎಬ್ಬಿಸಿದರು. ಗಾಡಿಗಳಿಗೆ ಬದಲಾಗಿ ಅಲ್ಲಿ ದೋಣಿಗಳು ಸಂಚರಿಸುತ್ತವೆ. ಸೇತುವೆಗಳು ನಾಲ್ಕುನೂರಕ್ಕೂ ಹೆಚ್ಚು. ಅವುಗಳಲ್ಲಿ ಪ್ರಸಿದ್ಧವಾದ ರಿಯಾಲ್ಟೋ ಕಲ್ಲುಸೇತುವೆಯು 1591ರಲ್ಲಿ ಪೂರ್ತಿಯಾಯಿತು. 1846ರಲ್ಲಿ ರೈಲುಸೇತುವೆಯಾಗುವವರೆಗೆ ದೋಣಿಯಿಲ್ಲದೆ ಆ ಊರನ್ನು ಸೇರುವ ಮಾರ್ಗವೇ ಇರಲಿಲ್ಲ.

ಕೇರಿಗಳ ಚೌಕಗಳಲ್ಲಿ ಕೆತ್ತನೆಯ ಕಲ್ಲುಕಟ್ಟೆಯುಳ್ಳ ಬಾವಿಗಳು ಕಾಣಸಿಗುತ್ತವೆ. ಇವು ಒರತೆಯ ಬಾವಿಗಳಲ್ಲ, ಸುತ್ತಲೂ ಇರುವುದು ಉಪ್ಪುನೀರಷ್ಟೆ. ಚೌಕದ ಮೇಲೆ ಬಿದ್ದ ಮಳೆಯ ನೀರು ಮರಳಿನಲ್ಲಿ ಸೋಸಿ ನಡುವಣ ಬಾವಿಯಲ್ಲಿ ನಿಲ್ಲುವಂತೆ ಹಿಂದಿನವರು ಏರ್ಪಡಿಸಿದ್ದರು. 1884ರಲ್ಲಿ ಎದುರುದಡದಿಂದ ಕೊಳವೆಯ ನೀರು ಬರುವ ತನಕ ಊರಿನ ಬಾಯಾರಿಕೆಯನ್ನು ಹಿಂಗಿಸಿದುದು ಇವೇ. ಈಗ ಅವುಗಳಿಗೆ ಲೋಹದ ಮುಚ್ಚಳ ಬಿದ್ದಿದೆ.

ಬಾವಿಗಳಂತೆಯೇ ಮನೆಗಳೂ ಒಂದೊಂದಾಗಿ ಮುಚ್ಚುತ್ತಿರುವುದೇ ವ್ಯಸನದ ವಿಷಯ. 1951ರಲ್ಲಿ ಈ ಹಳೆಯ ಊರಿನಲ್ಲಿ ಸುಮಾರು 1,75,000 ನಿವಾಸಿಗಳಿದ್ದರು. 2022ರಲ್ಲಿ ಆ ಸಂಖ್ಯೆಯು 50,000ಕ್ಕಿಂತ ಕೆಳಗಿಳಿಯಿತು. ರಿಯಾಲ್ಟೋ ಸಮೀಪದ ಔಷಧದ ಅಂಗಡಿಯೊಂದರ ಕಿಟಕಿಯಲ್ಲಿ 2008ರಲ್ಲಿ ಉಳಿದ ನಿವಾಸಿಗಳ ಲೆಕ್ಕವನ್ನು ತೋರಿಸುವ ಫಲಕವನ್ನಿಟ್ಟರು. ರೋಗಿಯ ನಾಡಿಯನ್ನು ನೋಡುವಂತೆ ಊರಿನವರು ಅದನ್ನು ನೋಡುತ್ತ ಬಂದಿದ್ದಾರೆ.

ಇದಕ್ಕೆ ನೀರಿನ ಹಾವಳಿಯೂ ಒಂದು ಕಾರಣ. 1966ರ ನವೆಂಬರ್ 4ರಂದು ಕಡಲು 194 ಸೆಂಟಿಮೀಟರಿನವರೆಗೆ ಏರಿ, ನೆಲಮಟ್ಟದ ಮನೆಗಳಲ್ಲಿದ್ದ ಅನೇಕ ಸಂಸಾರಗಳು ಎದುರುದಡಕ್ಕೆ ಹೊರಟುಹೋದುವು. 2020ರ ಅಕ್ಟೋಬರಿನಿಂದ ಸಮುದ್ರದ ಬಾಯಿಗಳಲ್ಲಿ ಮೇಲೇಳುವ ಉಕ್ಕಿನ ತಡೆಗಳು ಕೆಲಸಮಾಡುತ್ತಿವೆ. ನೀರನ್ನು ತಡೆಯುವ ಬಾಗಿಲೇನೋ ದೊರೆಯಿತು. ಆದರೆ ಮನೆಗಳು ಪ್ರವಾಸಿಗಳ ಬಿಡಾರಗಳಾಗಿ, ಬಾಡಿಗೆ ಏರಿ, ದಿನಸಿಯ ಅಂಗಡಿಗಳಲ್ಲಿ ಮುಖವಾಡಗಳೂ ಗಾಜಿನ ಮಣಿಗಳೂ ತುಂಬಿದ ಮೇಲೆ ಎಳೆಯ ಸಂಸಾರಗಳು ಊರು ಬಿಡುವುದನ್ನು ತಡೆಯುವ ಬಾಗಿಲು ಇನ್ನೂ ದೊರೆತಿಲ್ಲ. 2021ರ ಆಗಸ್ಟಿನಿಂದ ಭಾರಿ ಪ್ರವಾಸಿ ಹಡಗುಗಳು ಊರೆದುರಿನ ಕಾಲುವೆಯಲ್ಲಿ ಬರುವುದನ್ನು ನಿಲ್ಲಿಸಲಾಯಿತು. 2024ರ ಏಪ್ರಿಲ್ 25ರಿಂದ, ಗೊತ್ತುಮಾಡಿದ ಕೆಲವು ದಿನಗಳಲ್ಲಿ, ಒಂದು ಹಗಲಿಗೆಂದು ಮಾತ್ರ ಬಂದವರಿಂದ 5 ಯೂರೋ ಪ್ರವೇಶಶುಲ್ಕವನ್ನು ಎತ್ತಲು ಮೊದಲಾಯಿತು.

ಹಾಗಾದರೆ ಹೋಗಲೇಬಾರದೇ? ಹೋಗಬಹುದು, ಆದರೆ ಮರ್ಯಾದೆ ಬಲ್ಲ ನೆಂಟರಂತೆ ಹೋಗತಕ್ಕದ್ದು. ಬೆಳಗ್ಗೆ ಬಂದು ಸಂಜೆ ಓಡದೆ ಎರಡು ಮೂರು ದಿನ ನಿಲ್ಲಿರಿ. ನಿಲ್ಲುವಾಗಲೂ ಸಂಸಾರವೊಂದು ಬಿಟ್ಟುಹೋದ ಮನೆಯಲ್ಲಿ ಇಳಿಯದೆ ಹೋಟೆಲಿನಲ್ಲಿ ಇಳಿಯಿರಿ. ಬೇಸಗೆಯ ಜಾತ್ರೆಯನ್ನು ಬಿಟ್ಟು ಚಳಿಗಾಲವನ್ನು ಆರಿಸಿರಿ. ಇಕ್ಕಟ್ಟಾದ ಓಣಿಗಳಲ್ಲಿ ಬಲಬದಿಗೆ ನಡೆಯಿರಿ. ಸೇತುವೆಯ ಮೆಟ್ಟಿಲಲ್ಲಿ ಕುಳಿತು ಬುತ್ತಿ ಬಿಚ್ಚಬೇಡಿರಿ. ಹಣ್ಣು ತರಕಾರಿಗಳನ್ನು ರಿಯಾಲ್ಟೋ ಸಂತೆಯಲ್ಲಿ ಕೊಳ್ಳಿರಿ.

ಸಂತ ಮಾರ್ಕನ ದೇವಾಲಯದ ಚಿನ್ನದ ಚಾವಣಿಯನ್ನು ನೋಡಿದ ಸಂಜೆ ಯಾವುದಾದರೊಂದು ದೂರದ ಕೇರಿಯ ಚೌಕಕ್ಕೆ ಹೋಗಿ ಕೊಂಚ ಹೊತ್ತು ನಿಲ್ಲಿರಿ. ಅಲ್ಲಿ ಬಾವಿಕಟ್ಟೆಯ ಸುತ್ತ ಮಕ್ಕಳು ಚೆಂಡಾಡುತ್ತಿದ್ದರೆ, ಮೇಲಿನ ಕಿಟಕಿಯಿಂದ ತಾಯಿಯೊಬ್ಬಳು ಊಟಕ್ಕೆ ಕರೆಯುತ್ತಿದ್ದರೆ, ವೆನಿಸಿನಲ್ಲಿ ನೋಡತಕ್ಕ ಮುಖ್ಯವಾದ ವಸ್ತುವನ್ನು ನೀವು ನೋಡಿದಂತಾಯಿತು. ಅರಮನೆಗಳನ್ನು ಕಾವಲುಗಾರರು ಕಾಪಾಡಿಯಾರು. ಊರನ್ನು ಊರಾಗಿ ಉಳಿಸುವವರು ಅಲ್ಲಿ ಒಲೆ ಹೊತ್ತಿಸುವವರೇ.