ಸ್ವಾಹಿಲಿ ಕರಾವಳಿಯ ಮದ್ರಸಗಳು ಮತ್ತು ಶಿಕ್ಷಕಿಯ ವೇತನ

ತಾನು ಹಿಂದುಳಿದಿದ್ದೇನೆಂಬ ಅರಿವು ಮೂಡಿದಾಗ ಒಂದು ಸಮುದಾಯದ ಮುಂದೆ ಎರಡು ಸುಲಭದ ದಾರಿಗಳು ತೆರೆದುಕೊಳ್ಳುತ್ತವೆ. ಸರಕಾರವನ್ನು ದೂರುತ್ತಾ ಕೂರುವುದು ಒಂದು, ತನ್ನ ಧಾರ್ಮಿಕ ಸಂಸ್ಥೆಗಳನ್ನೇ ದೂರುತ್ತಾ ಕೂರುವುದು ಇನ್ನೊಂದು. ಒಂದು ಕಾಲದಲ್ಲಿ ಮಂಗಳೂರಿನ ಹೆಂಚುಗಳು ಹಡಗೇರಿ ಹೋಗುತ್ತಿದ್ದ ಪೂರ್ವ ಆಫ್ರಿಕಾದ ಕರಾವಳಿಯಲ್ಲಿ 1980ರ ದಶಕದ ಆರಂಭದಲ್ಲಿ ಮುಸ್ಲಿಮ್ ಮುಖಂಡರು ಇವೆರಡನ್ನೂ ಬದಿಗಿಟ್ಟು, ತಮ್ಮ ಮಕ್ಕಳು ಎಲ್ಲಿ ಎಡವುತ್ತಿದ್ದಾರೆಂದು ಹುಡುಕಲು ಹೊರಟರು.

ಬ್ರಿಟಿಷ್ ಆಡಳಿತದಲ್ಲಿ ಕೀನ್ಯಾದ ಶಾಲೆಗಳು ಬಹುಪಾಲು ಕ್ರೈಸ್ತ ಮಿಷನರಿಗಳ ಕೈಯಲ್ಲಿದ್ದವು. ಮಕ್ಕಳು ಧರ್ಮ ಕಳೆದುಕೊಂಡಾರೆಂಬ ಭಯದಿಂದ ಕರಾವಳಿಯ ಮುಸ್ಲಿಮ್ ಹೆತ್ತವರು ಅವರನ್ನು ಅಲ್ಲಿಗೆ ಕಳಿಸಲು ಹಿಂಜರಿದರು. ಕುರ್‌ಆನ್ ಕಲಿಸುವ, ಅಲ್ಲಿನವರು 'ಚುವೊ' ಎಂದು ಕರೆಯುವ ಮಕ್ತಬ್‌ಗಳೇ ಅನೇಕರಿಗೆ ಮೊದಲ ಮತ್ತು ಕೊನೆಯ ಶಾಲೆಯಾದವು. 1963ರಲ್ಲಿ ಸ್ವಾತಂತ್ರ್ಯ ಬಂದಾಗ ಕಚೇರಿಗಳ ಕುರ್ಚಿಗಳಲ್ಲಿ ಕೂರಲು ಇವರಲ್ಲಿ ಜನ ಕಡಿಮೆಯಿದ್ದರು. ಆ ಭಯವನ್ನು ಇಂದು ಅಜ್ಞಾನವೆಂದು ತಳ್ಳಿಹಾಕುವವರಿದ್ದಾರೆ. ನಾವು ಹಾಗೆನ್ನಲಾರೆವು. ಆದರೆ ಅದರ ಬೆಲೆಯನ್ನು ತೆತ್ತವರು ಮಕ್ಕಳೆಂಬುದನ್ನು ಮರೆಮಾಚಲೂ ಆಗದು. ನರ್ಸರಿ ಮುಗಿಸಿ ಬಂದ ಇತರ ಮಕ್ಕಳ ನಡುವೆ ಕರಾವಳಿಯ ಮಗು ಒಂದನೆಯ ತರಗತಿಯ ಮೊದಲ ದಿನವೇ ಹಿಂದೆ ಬೀಳುತ್ತಿತ್ತು.

ಮುಖಂಡರು ನೆರವು ಕೇಳಿದ್ದು ಇಸ್ಮಾಯೀಲಿಗಳ ಇಮಾಮರಾಗಿದ್ದ ನಾಲ್ಕನೆಯ ಆಗಾ ಖಾನ್ (2025ರಲ್ಲಿ ಅವರು ನಿಧನರಾದರು) ಅವರಲ್ಲಿ. ಕರಾವಳಿಯ ಬಹುಸಂಖ್ಯಾತರು ಶಾಫಿಈ ಪಂಥದ ಸುನ್ನಿಗಳು. ಪಂಗಡದ ಗೋಡೆಯನ್ನು ದಾಟಿ ಮಕ್ಕಳ ಹೆಸರಿನಲ್ಲಿ ಕೈ ಚಾಚುವುದು ಎಷ್ಟು ಕಠಿಣವೆಂಬುದನ್ನು ಮಸೀದಿ ಕಮಿಟಿಗಳ ಜಗಳ ಕಂಡ ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ. ಆಗಾ ಖಾನ್ ಪ್ರತಿಷ್ಠಾನವು ಅನುಭವಿ ಶಿಕ್ಷಕಿ ಸ್ವಾಫಿಯಾ ಸಯೀದ್ ಅವರಿಗೆ ಈ ಹೊಣೆಯನ್ನು ಒಪ್ಪಿಸಿತು. 1986ರಲ್ಲಿ ಮೊಂಬಾಸದಲ್ಲಿ ಮೊದಲ ಮದ್ರಸ ಶಿಶುಶಾಲೆ ಆರಂಭವಾಯಿತು. 1990ರಲ್ಲಿ ಜಾಂಜಿಬಾರ್‌ಗೂ 1993ರಲ್ಲಿ ಉಗಾಂಡಕ್ಕೂ ಕಾರ್ಯಕ್ರಮ ಹಬ್ಬಿತು. ಮುಂದೆ ಈ ಮೂರು ಕಡೆಗಳಲ್ಲಿ 200ಕ್ಕೂ ಹೆಚ್ಚು ಊರುಗಳು ಇದರಲ್ಲಿ ಸೇರಿದವು.

ಹಳ್ಳಿಯೊಂದರಲ್ಲಿ ಇದು ನಡೆಯುವ ಬಗೆಯನ್ನು ನೋಡಬೇಕು. ಹೊರಗಿನವರು ಬಂದು ಕಟ್ಟಡ ಕಟ್ಟಿ ಫಲಕ ತೂಗುಹಾಕಿ ಹೋಗುವುದಿಲ್ಲ. ಶಾಲೆ ತಮಗೆ ಬೇಕೆಂದು ಊರವರೇ ಮೊದಲು ಒಪ್ಪಬೇಕು, ಒಂದು ಸಮಿತಿಯನ್ನು ಆರಿಸಬೇಕು. ಆ ಸಮಿತಿಯಲ್ಲಿ ಸ್ತ್ರೀಯರು ಇರಲೇಬೇಕು. ಜಾಗ, ದುಡಿಮೆ, ನಿರ್ವಹಣೆ ಊರಿನದು. ತರಬೇತಿ ಮತ್ತು ಮೇಲ್ವಿಚಾರಣೆ ಮದ್ರಸ ಸಂಪನ್ಮೂಲ ಕೇಂದ್ರದ್ದು. ಇದನ್ನೆಲ್ಲ ಬರೆದ ಒಪ್ಪಂದವೊಂದಕ್ಕೆ ಇಬ್ಬರೂ ಸಹಿ ಹಾಕುತ್ತಾರೆ. ಕಲಿಸಲು ಆ ಊರಿನ ಹೆಣ್ಣುಮಕ್ಕಳನ್ನೇ ಆರಿಸಿ ತರಬೇತಿ ಕೊಡಲಾಗುತ್ತದೆ. ದೊಡ್ಡ ಪದವಿಗಳಿಲ್ಲದ, ಮನೆಯಾಚೆ ಯಾವ ಅಧಿಕಾರವನ್ನೂ ಕಾಣದಿದ್ದ ಯುವತಿಯು ತನ್ನೂರಿನ ಹಿರಿಯರ ಮುಂದೆ ನಿಂತು ಮಕ್ಕಳ ಪ್ರಗತಿಯನ್ನು ವಿವರಿಸುತ್ತಾಳೆ. ನಮ್ಮ ಪಾಲಿಗೆ ಈ ಇಡೀ ಯೋಜನೆಯ ಅತ್ಯಂತ ಬೆಲೆಬಾಳುವ ದೃಶ್ಯ ಅದೇ.

ತರಗತಿಯೊಳಗೆ ದುಬಾರಿ ಆಟಿಕೆಗಳಿಲ್ಲ. ತೆಂಗಿನ ಚಿಪ್ಪು, ಸಮುದ್ರದ ಕಪ್ಪೆಚಿಪ್ಪು, ಬೀಜ, ಬಾಟಲಿಯ ಮುಚ್ಚಳಗಳೇ ಪಾಠೋಪಕರಣಗಳು. ಒಂದು ಮೂಲೆಯಲ್ಲಿ ಆಟದ ಅಂಗಡಿ, ಇನ್ನೊಂದರಲ್ಲಿ ಅಡುಗೆಮನೆ, ಮತ್ತೊಂದರಲ್ಲಿ ಪುಸ್ತಕಗಳು. ಇಂದು ಏನು ಮಾಡುತ್ತೇನೆಂದು ಮಗುವೇ ಹೇಳುತ್ತದೆ, ಮಾಡುತ್ತದೆ, ಬಳಿಕ ಮಾಡಿದ್ದನ್ನು ಇತರರಿಗೆ ತಿಳಿಸುತ್ತದೆ. ಅಮೆರಿಕದ ಹೈಸ್ಕೋಪ್ ಪದ್ಧತಿಯಿಂದ ಎರವಲು ಪಡೆದ ಈ ಕ್ರಮದೊಂದಿಗೆ ಕರಾವಳಿಯ ಹಾಡು, ಕಥೆ, ಊಟಕ್ಕೆ ಮೊದಲಿನ ದುಆ, ಸಲಾಮ್ ಹೇಳುವ ಶಿಷ್ಟಾಚಾರ ಎಲ್ಲವೂ ಬೆರೆತಿವೆ. ಮುಸ್ಲಿಮೇತರರ ಮಕ್ಕಳಿಗೂ ಬಾಗಿಲು ತೆರೆದಿದೆ. ಮೂರು ವರ್ಷದ ಮಗುವಿನ ಕೈಗೆ ಸ್ಲೇಟು ಕೊಟ್ಟು ಗದರಿಸುವುದನ್ನೇ ವಿದ್ಯೆಯೆಂದು ಬಗೆದವರಿಗೆ ಇದು ಕಾಲಹರಣವಾಗಿ ಕಂಡೀತು. ಆದರೆ ಪೀಟರ್ ಮ್ವೌರಾ, ಕ್ಯಾಥಿ ಸಿಲ್ವಾ ಮತ್ತು ಲಾರ್ಸ್-ಎರಿಕ್ ಮಾಮ್‌ಬರ್ಗ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ಮನೆಯಲ್ಲೇ ಉಳಿದ ಮಕ್ಕಳಿಗಿಂತ ಶಿಶುಶಾಲೆಗೆ ಹೋದವರ ಗ್ರಹಣಶಕ್ತಿ ಹೆಚ್ಚು ಬೆಳೆದಿತ್ತು. ಅವರಲ್ಲಿಯೂ ಮದ್ರಸ ಶಿಶುಶಾಲೆಯ ಮಕ್ಕಳು ಇತರ ಶಿಶುಶಾಲೆಗಳವರಿಗಿಂತ ಮುಂದಿದ್ದರು.

ಇಲ್ಲಿಗೆ ಮುಗಿಸಿದರೆ ಇದೊಂದು ಪ್ರಶಂಸಾಪತ್ರವಾದೀತು. 2003ರಲ್ಲಿ ಕೀನ್ಯಾ ಸರಕಾರವು ಪ್ರಾಥಮಿಕ ಶಿಕ್ಷಣವನ್ನು ಉಚಿತಗೊಳಿಸಿತು. ಶಿಶುಶಿಕ್ಷಣವನ್ನು ಆ ಪರಿಧಿಗೆ ಸೇರಿಸಲಿಲ್ಲ. ಪರಿಣಾಮವಾಗಿ, ಒಂದನೆಯ ತರಗತಿಯೇ ಪುಕ್ಕಟೆಯಾಗಿರುವಾಗ ಶಿಶುಶಾಲೆಗೇಕೆ ಶುಲ್ಕ ಕೊಡಬೇಕೆಂದು ಎಷ್ಟೋ ಬಡ ಹೆತ್ತವರು ಮಕ್ಕಳನ್ನು ಮನೆಯಲ್ಲೇ ಇರಿಸಿಕೊಂಡರು. ಅವರ ಲೆಕ್ಕದಲ್ಲಿ ತಪ್ಪಿಲ್ಲ, ತಪ್ಪಿದ್ದು ಸರಕಾರದ ಲೆಕ್ಕ. 'ಹರಾಂಬೀ', ಅಂದರೆ ಎಲ್ಲರೂ ಕೂಡಿ ಎಳೆಯೋಣ ಎಂಬುದು ಸ್ವತಂತ್ರ ಕೀನ್ಯಾದ ಘೋಷವಾಕ್ಯ. ಕೇಳಲು ಇಂಪಾಗಿದೆ. ಆದರೆ ಪೇಟೆಯ ಶ್ರೀಮಂತನ ಮಗುವಿಗೆ ಶಾಲೆ ತಾನಾಗಿ ದೊರೆಯುವಾಗ, ಮೀನು ಹಿಡಿಯುವವನು ತೆರಿಗೆಯನ್ನೂ ತೆತ್ತು, ಶಾಲೆಯ ಗೋಡೆಯನ್ನೂ ತಾನೇ ಎಬ್ಬಿಸಬೇಕಾದರೆ ಹಗ್ಗವನ್ನು ಎಳೆಯುತ್ತಿರುವವರು ಯಾರು? 2010ರ ಸಂವಿಧಾನವು ಶಾಲಾಪೂರ್ವ ಶಿಕ್ಷಣವನ್ನು ಕೌಂಟಿ ಸರಕಾರಗಳ ಹೊಣೆಯೆಂದು ಬರೆದುದರಿಂದ, ಇದನ್ನು ಕೇಳಲು ಜನರಿಗೆ ಇಂದು ಒಂದು ಬಾಗಿಲಾದರೂ ಇದೆ.

ಎಲ್ಲಕ್ಕಿಂತ ಹೆಚ್ಚು ಬಾಧಿಸುವುದು ಶಿಕ್ಷಕಿಯ ವೇತನ. ಊರವರು ಕೊಡುವ ಶುಲ್ಕದಿಂದಲೇ ಆಕೆಗೆ ಸಂಬಳ ಬರಬೇಕು. ಮಳೆ ಕೈಕೊಟ್ಟರೆ, ಬಲೆ ಖಾಲಿ ಬಂದರೆ ಶುಲ್ಕವಿಲ್ಲ. ಶುಲ್ಕವಿಲ್ಲದಿದ್ದರೆ ಸಂಬಳವಿಲ್ಲ. ತರಬೇತಿ ಪಡೆದು ನುರಿತವರು ಹೆಚ್ಚು ಸಂಬಳದ ಕಡೆಗೆ ಹೊರಟುಹೋಗುತ್ತಾರೆ. ಊರವರ ಉಳಿತಾಯಕ್ಕೆ ಪ್ರತಿಷ್ಠಾನದ ಪಾಲನ್ನೂ ಸೇರಿಸಿ ನಿಧಿಯೊಂದನ್ನು ಕೂಡಿಡುವ ಕ್ರಮವನ್ನು ಕಾರ್ಯಕ್ರಮವು ಇದಕ್ಕೆಂದೇ ತಂದಿತು. ಆದರೆ ನಿಧಿಯಿಂದ ಬರುವ ಆದಾಯ ಚಿಕ್ಕದು, ಶಿಕ್ಷಕಿಯ ಮನೆಖರ್ಚು ದೊಡ್ಡದು. ನಮ್ಮ ಮದ್ರಸಗಳ ಉಸ್ತಾದರಿಗೆ ತಿಂಗಳ ಕೊನೆಗೆ ನಾವು ಕೊಡುವ ಮೊತ್ತವೆಷ್ಟೆಂದು ಬಲ್ಲ ಓದುಗರಿಗೆ ಆ ಶಿಕ್ಷಕಿ ಅಪರಿಚಿತಳೇನಲ್ಲ.