‘ಶಲ್’ ಅಲ್ಲ, ‘ಮೇ’

ಎಸ್‌ಆರ್‌ಎಸ್ ಬರೆಯುವಾಗ ಮೇಡಂ ಪದೇ ಪದೇ ಹೇಳಿದ್ದು ಒಂದೇ ಮಾತು: ‘ಶಲ್’ ಅಂದ್ರೆ ಮಾಡಲೇಬೇಕು, ‘ಮೇ’ ಅಂದ್ರೆ ಮಾಡಿದರೂ ಆಯ್ತು, ಬಿಟ್ಟರೂ ಆಯ್ತು. ವೈವಾ ಮುಗಿದ ಮೇಲೆ ನಾವದನ್ನು ಮರೆತೇಬಿಟ್ಟಿದ್ದೆವು. ಮತ್ತೆ ನೆನಪಾದದ್ದು ಅಮೆರಿಕದ ಟೆಕ್ಸಾಸ್ ರಾಜ್ಯದ ಶಿಕ್ಷಣ ಕಾನೂನು ಓದುವಾಗ. ಎಂ.ಎಸ್. ಮಾಡೋಕೆ ಅಲ್ಲಿಗೆ ಹೋಗುವ ನಮ್ಮ ಸೀನಿಯರ್‌ಗಳ ಫೀಸು ನೋಡಿ ಗಾಬರಿಯಾಗಿ, ಅಲ್ಲಿ ಯಾರಿಗಾದರೂ ಫೀಸು ಮನ್ನಾ ಇದೆಯಾ ಅಂತ ಹುಡುಕಿದೆವು.

ಇದೆ. ನಮಗಲ್ಲ ಬಿಡಿ. ಡ್ಯೂಟಿಯಲ್ಲಿ ಪೆಟ್ಟು ತಿಂದು, ಶಾಶ್ವತ ಅಂಗವೈಕಲ್ಯದಿಂದ ಕೆಲಸ ಬಿಡಬೇಕಾಗಿ ಬಂದ ಪೊಲೀಸರು ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಓದಲು ಬಂದರೆ ಟ್ಯೂಷನ್ ಫೀಸು ಮನ್ನಾ ಮಾಡಲು ಅವಕಾಶವಿದೆ. ಪದವಿ ಹಂತದಲ್ಲಿ 12 ಸೆಮಿಸ್ಟರ್‌ವರೆಗೆ. ಓದಿ ಖುಷಿಪಟ್ಟೆವು. ಆದರೆ ಆ ಕಲಮಿನಲ್ಲಿ ಮೊದಲು ಇದ್ದ ಪದ ‘ಮೇ’. ಆಗ ಕೊಡೋದು ಬಿಡೋದು ಆಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೆ ಬಿಟ್ಟದ್ದಾಗಿತ್ತು.

ಅದರ ಹಿಂದಿನ ಕಲಮು ನೋಡಿ. ಅಂಥ ಪೊಲೀಸರ ಮಕ್ಕಳಿಗೆ ಮನ್ನಾ: ಅಲ್ಲಿ ‘ಶಲ್’. ಮಾಜಿ ಸೈನಿಕರಿಗೆ ಹೇಜಲ್‌ವುಡ್ ಕಾಯ್ದೆಯಡಿ 150 ಕ್ರೆಡಿಟ್‌ವರೆಗೆ ಮನ್ನಾ: ಅಲ್ಲೂ ‘ಶಲ್’. ಅಮೆರಿಕದ ಕೇಂದ್ರ ಸರ್ಕಾರದ ಶಿಕ್ಷಣ ನೆರವೂ ಗಾಯಗೊಂಡ ಪೊಲೀಸರ ಸಂಗಾತಿಗೆ, ಮಕ್ಕಳಿಗೆ, ಅವರಿಗೇ ಅಲ್ಲ. ಮನೆಯವರ ಬಗ್ಗೆ ಎಲ್ಲರಿಗೂ ಕಾಳಜಿ ಇದೆ, ಗಾಯಗೊಂಡವರು ಮಾತ್ರ ಇನ್ನೇನು ಓದುತ್ತಾರೆ ಅನ್ನೋ ಭಾವನೆ ಇದರ ಹಿಂದೆ ಇದೆ ಅಂತ ನಮಗನಿಸುತ್ತದೆ.

ಪಿಂಚಣಿ ಬರುತ್ತಲ್ಲ ಅಂತ ನಮ್ಮಲ್ಲೇ ಒಬ್ಬರು ವಾದ ಮಾಡಿದರು. ಪಿಂಚಣಿಯಿಂದ ಮನೆ ನಡೆಯಬಹುದು. ಮೂವತ್ತೈದಕ್ಕೆ ನೌಕರಿ ಬಿಟ್ಟವರಿಗೆ ಮುಂದಿನ ಇಪ್ಪತ್ತೈದು ವರ್ಷ ಮಾಡೋಕೆ ಒಂದು ಕೆಲಸವೂ ಬೇಕಲ್ವಾ? ಓಡಲು ಆಗದಿದ್ದರೂ ಕೋಡ್ ಬರೆಯಬಹುದು, ಲೆಕ್ಕಪತ್ರ ಕಲಿಯಬಹುದು, ಪಾಠ ಮಾಡಬಹುದು. ಅದಕ್ಕೆ ಊರು ಬದಲಿಸಬೇಕಾಗಬಹುದು, ಮನೆಯವರನ್ನು ಒಪ್ಪಿಸಬೇಕಾಗಬಹುದು. ‘ಕೊಟ್ಟರೂ ಕೊಡಬಹುದು’ ಅನ್ನೋ ಮಾತು ನಂಬಿ ಯಾರು ಇಷ್ಟೆಲ್ಲ ಮಾಡುತ್ತಾರೆ? ಒಂದು ವಿಶ್ವವಿದ್ಯಾಲಯ ಕೊಟ್ಟು ಇನ್ನೊಂದು ಕೊಡದಿದ್ದರೆ, ಬೇಕಾದ ಕೋರ್ಸ್ ಬಿಟ್ಟು ಮನ್ನಾ ಸಿಗುವ ಕಡೆಗೇ ಹೋಗಬೇಕು.

ನಮ್ಮ ದೇಶದ ದಾರಿ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸೇವೆಯಲ್ಲಿದ್ದಾಗ ಅಂಗವಿಕಲರಾದ ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ. ಅದೇ ಸಂಬಳಕ್ಕೆ ಬೇರೆ ಹುದ್ದೆ ಕೊಡಬೇಕು. ಒಳ್ಳೆಯದೇ. ಆದರೆ ಕೆಲಸದ ಸ್ವರೂಪ ನೋಡಿ ಯಾವುದೇ ಸಂಸ್ಥೆಗೆ ಸರ್ಕಾರ ವಿನಾಯಿತಿ ಕೊಡಬಹುದು ಅಂತಲೂ ಅದೇ ಸೆಕ್ಷನ್‌ನಲ್ಲಿದೆ. ಇಲ್ಲೂ ಒಂದು ‘ಮೇ’ ಬಂತು ನೋಡಿ.

ಖರ್ಚು ವಿಶ್ವವಿದ್ಯಾಲಯಗಳ ತಲೆಗೆ ಬೀಳುತ್ತೆ ಅನ್ನೋ ಆಕ್ಷೇಪಣೆಯನ್ನು ನಾವು ಒಪ್ಪುತ್ತೇವೆ. ಹಾಗಿದ್ದರೆ ಅದನ್ನು ಟೆಕ್ಸಾಸ್ ಸರ್ಕಾರವೇ ತುಂಬಿಕೊಡಲಿ. ಪೆಟ್ಟು ಬಿದ್ದದ್ದು ಜನರ ಕೆಲಸದಲ್ಲಿ ತಾನೇ? ಅಪ್ಪ ಅಮ್ಮಂದಿರ ಕಲಮಿನಲ್ಲೂ ಇರಬೇಕಾದದ್ದು ಮಕ್ಕಳ ಕಲಮಿನಲ್ಲಿರುವ ಪದವೇ.